ಹಾಸಿಗೆ ಹಿಡಿದವರ ಪಾಸ್‌ಬುಕ್ಕು, ಪಹಣಿ ಮತ್ತು ಗಾರ್ಡಿಯನ್ ಅರ್ಜಿ

ಗಂಗಾವತಿ ಕಡೆಯ ನಿವೃತ್ತ ಹೈಸ್ಕೂಲ್ ಮಾಸ್ತರು. ಮೆದುಳಿನಲ್ಲಿ ರಕ್ತಸ್ರಾವವಾಗಿ ಆಪರೇಶನ್ ಆಯಿತು, ಜೀವ ಉಳಿಯಿತು, ಪ್ರಜ್ಞೆ ಮರಳಲಿಲ್ಲ. ಊಟ ಮೂಗಿನ ನಳಿಗೆಯಲ್ಲಿ, ಮೂತ್ರಕ್ಕೆ ಕ್ಯಾಥೆಟರ್. ಪಿಂಚಣಿ ತಿಂಗಳು ತಿಂಗಳು ಖಾತೆಗೆ ಬೀಳುತ್ತದೆ, ತೆಗೆಯಲು ಸಹಿ ಇಲ್ಲ. ಎಫ್‌ಡಿ ಅವರೊಬ್ಬರ ಹೆಸರಲ್ಲೇ ಇದೆ. ತುಂಗಭದ್ರಾ ಎಡದಂಡೆ ನಾಲೆಯ ಕೆಳಗೆ ಭತ್ತದ ಗದ್ದೆ, ಅದನ್ನು ಬೇರೆಯವರು ಲೀಜಿಗೆ ಮಾಡುತ್ತಾರೆ. ಹೆಂಡತಿ ಇದ್ದಾರೆ, ಇಬ್ಬರು ಗಂಡುಮಕ್ಕಳು, ಸಿಂಧನೂರಿಗೆ ಕೊಟ್ಟ ಒಬ್ಬ ಮಗಳು. ಯಾರ ಕೈಯಲ್ಲಿ ದುಡ್ಡು ಇರಬೇಕು ಎಂಬುದರಲ್ಲಿ ಮಕ್ಕಳಿಗೆ ಒಮ್ಮತವಿಲ್ಲ. ಇವರು ನಮ್ಮ ದೊಡ್ಡಪ್ಪ. ದೊಡ್ಡವ್ವ ಧಾರವಾಡದ ಹೈಕೋರ್ಟ್ ಪೀಠದಲ್ಲಿ ಗಾರ್ಡಿಯನ್ ಅರ್ಜಿ ಹಾಕಿದರು, ಅಂದರೆ ಅವರ ಪರವಾಗಿ ಹಣ, ಆಸ್ತಿ ನೋಡಿಕೊಳ್ಳುವವರನ್ನು ನೇಮಿಸಿ ಎಂಬ ಅರ್ಜಿ. ಅದರ ಕಾಗದಪತ್ರವನ್ನೆಲ್ಲ ಕೂಡಿಸಿದ್ದು ನಾನು. ನಮ್ಮ ಭಾಗದಲ್ಲಿ ಇಂಥ ಸ್ಥಿತಿಯಲ್ಲಿರುವ ಮನೆಗಳು ಬಹಳ, ದಾರಿ ತಿಳಿದವರು ಕಡಿಮೆ. ಹೋದ ದಾರಿಯನ್ನು ಹಾಗೇ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ತೀರ್ಮಾನ ಆಗಬೇಕಾದದ್ದು ಒಂದೇ. ಹೋಗಿರುವುದು ಕೈಯೋ, ಅರಿವೋ? ಲಕ್ವಾ ಹೊಡೆದು ಬಲಗೈ ಬಿದ್ದವರು, ಮಾತು ನಿಂತವರು ಎದುರಿನವರ ಮಾತನ್ನು ಪೂರ್ತಿ ಅರ್ಥ ಮಾಡಿಕೊಳ್ಳಬಹುದು. ಅಂಥವರಿಗೆ ಗಾರ್ಡಿಯನ್ ಬೇಕಿಲ್ಲ, ಕೋರ್ಟೂ ಬೇಕಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಅದಕ್ಕೆ ದಾರಿ ಇದೆ. ಸಹಿ ಮಾಡಲಾಗದವರು ಹೆಬ್ಬೆರಳು ಒತ್ತಬಹುದು, ಕೈಯಿಂದ ಆಗದಿದ್ದರೆ ಕಾಲಿನ ಹೆಬ್ಬೆರಳು ಒತ್ತಬಹುದು. ಇಬ್ಬರು ಸಾಕ್ಷಿದಾರರು ಗುರುತಿಸಬೇಕು, ಅವರಲ್ಲಿ ಒಬ್ಬರು ಆ ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. ಅದೂ ಆಗದವರು ಚೆಕ್ ಅಥವಾ ಹಣ ತೆಗೆಯುವ ಫಾರಂ ಮೇಲೆ ಯಾವುದಾದರೂ ಒಂದು ಗುರುತು ಹಾಕಿದರೂ ನಡೆಯುತ್ತದೆ, ಸಾಕ್ಷಿ ಅದೇ ಪ್ರಕಾರ. ಹಣ ಯಾರ ಕೈಗೆ ಕೊಡಬೇಕೆಂದು ಅವರೇ ತೋರಿಸಬೇಕು, ಹಣ ಪಡೆಯುವವರ ಸಹಿಯನ್ನೂ ಬ್ಯಾಂಕ್ ತೆಗೆದುಕೊಳ್ಳುತ್ತದೆ. 70 ವರ್ಷ ದಾಟಿದವರಿಗೆ, ನಡೆಯಲಾಗದ ಕಾಯಿಲೆ ಇರುವವರಿಗೆ ಮನೆಗೇ ಬಂದು ಮೂಲ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲಿ ಸುತ್ತೋಲೆ ಹೊರಡಿಸಿದೆ. ಕೌಂಟರಿನಲ್ಲಿ ಮಾತ್ರ ಕೇಳಿಬರುವ ಮಾತು ಬೇರೆ: "ಖಾತೇದಾರರು ಬಂದು ಸಹಿ ಮಾಡ್ಲಿ, ಇಲ್ಲಾಂದ್ರ ಕೋರ್ಟ್ ಆರ್ಡರ್ ತಗೊಂಡು ಬರ್ರಿ." ಅರಿವಿರುವ ರೋಗಿಯ ವಿಷಯದಲ್ಲಿ ಈ ಮಾತು ತಪ್ಪು. ಮ್ಯಾನೇಜರಿಗೆ ಲಿಖಿತ ಅರ್ಜಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ಬಾಯಿಮಾತಿನಲ್ಲಿ ಕೇಳಿದರೆ ಬಾಯಿಮಾತಿನಲ್ಲೇ ಇಲ್ಲ ಅನ್ನುತ್ತಾರೆ.

ಆದರೆ ಆ ನಿಯಮ ನಿಂತಿರುವುದು ಖಾತೇದಾರರ ಒಪ್ಪಿಗೆಯ ಮೇಲೆ. ಪ್ರಜ್ಞೆ ಇಲ್ಲದವರ ಹೆಬ್ಬೆರಳನ್ನು ಹಿಡಿದು ಒತ್ತಿಸಿದರೆ ಅದು ಒಪ್ಪಿಗೆಯಲ್ಲ, ಮೋಸ. ನಮ್ಮ ಕಡೆ ಇದು ಎಷ್ಟು ಸಲೀಸಾಗಿ ನಡೆಯುತ್ತದೆ ಎಂದು ಎಲ್ಲರಿಗೂ ಗೊತ್ತು. ಆಸ್ಪತ್ರೆ ಖರ್ಚಿಗೆಂದು ಒಳ್ಳೆಯ ಮನಸ್ಸಿನಿಂದ ಒತ್ತಿಸಿದವರೂ ಮುಂದೆ ಅಣ್ಣತಮ್ಮಂದಿರ ದಾವೆಯಲ್ಲಿ ಆ ಒಂದು ಬೆರಳಿಗೆ ಉತ್ತರ ಹೇಳಬೇಕಾಗುತ್ತದೆ.

ನಾಮಿನಿ ಬಗ್ಗೆ ಇರುವ ನಂಬಿಕೆಯೂ ಇಲ್ಲೇ ಮುರಿಯುತ್ತದೆ. ನಾಮಿನಿಯ ಹಕ್ಕು ಹುಟ್ಟುವುದು ಖಾತೇದಾರರು ತೀರಿಕೊಂಡ ಮೇಲೆ. ಉಸಿರಿರುವ ತನಕ ನಾಮಿನಿ ಒಂದು ರೂಪಾಯಿಯನ್ನೂ ಮುಟ್ಟುವಂತಿಲ್ಲ. ಉಪಯೋಗಕ್ಕೆ ಬರುವುದು ಜಂಟಿ ಖಾತೆ, ಅದೂ ಇಬ್ಬರಲ್ಲಿ ಯಾರಾದರೂ ವ್ಯವಹರಿಸಬಹುದು ಎಂಬ ಷರತ್ತಿನದು. ಪಿಂಚಣಿ ಖಾತೆಯನ್ನು ಗಂಡಹೆಂಡತಿ ಹೀಗೆ ಜಂಟಿ ಮಾಡಿಕೊಳ್ಳಬಹುದು. ದೊಡ್ಡಪ್ಪನವರದು ಹಾಗಿರಲಿಲ್ಲ.

ಎಟಿಎಂ ಕಾರ್ಡು, ಫೋನಿನ ಸಿಮ್ಮು ಯಾರ ಹತ್ತಿರ ಇರುತ್ತವೆಯೋ ಅವರೇ ಆ ಮನೆಯ ಖಜಾನೆ ನಡೆಸುತ್ತಾರೆ. ಜಗಳ ಶುರುವಾಗುವುದೂ ಅಲ್ಲಿಂದಲೇ. ಪಿನ್ ಗೊತ್ತಿರುವ ಮಗ ದಿನಕ್ಕಿಷ್ಟು ತೆಗೆಯುತ್ತಾನೆ, ಎರಡನೆಯವನು ಸ್ಟೇಟ್‌ಮೆಂಟ್ ಕೇಳುತ್ತಾನೆ, ಮೊದಲನೆಯವನಿಗೆ ಅವಮಾನವಾಗುತ್ತದೆ. ಸಿಟ್ಟಿನಲ್ಲಿ ಯಾರಾದರೂ ಬ್ಯಾಂಕಿಗೆ "ಈ ಖಾತೆಯ ಬಗ್ಗೆ ತಕರಾರಿದೆ" ಎಂದು ಅರ್ಜಿ ಕೊಟ್ಟರೆ, ಬ್ಯಾಂಕ್ ಖಾತೆಯಿಂದ ಹಣ ಹೋಗುವುದನ್ನೇ ತಡೆಯಬಹುದು. ಕಳ್ಳತನ ನಿಲ್ಲುತ್ತದೆ, ಜೊತೆಗೆ ಔಷಧಿಯ ದುಡ್ಡೂ ನಿಲ್ಲುತ್ತದೆ. ಅಂಥ ಅರ್ಜಿ ಕೊಡುವ ಮುಂಚೆ ತಿಂಗಳ ಖರ್ಚಿಗೆ ಬೇರೆ ಏರ್ಪಾಡು ಇದೆಯೇ ಎಂದು ನೋಡಬೇಕು. ಖಾತೆಗೆ ಹಣ ಕಟ್ಟುವುದಕ್ಕೆ ಯಾರ ಸಹಿಯೂ ಬೇಡ. ಸೊಸೈಟಿಯ ಬೆಳೆಸಾಲ, ಬಂಗಾರದ ಸಾಲದ ಬಡ್ಡಿ, ಇವನ್ನು ಮನೆಯ ಯಾರು ಬೇಕಾದರೂ ಕಟ್ಟಿ ರಸೀದಿ ಪಡೆಯಬಹುದು. ಕಷ್ಟವಿರುವುದು ನವೀಕರಣದಲ್ಲಿ. ಅದಕ್ಕೆ ಸಾಲಗಾರರ ಸಹಿ ಬೇಕು. ನವೀಕರಣವಾಗದೆ ಸಾಲ ಸುಸ್ತಿಗೆ ಬೀಳುತ್ತದೆ, ಬಂಗಾರಕ್ಕೆ ಹರಾಜಿನ ನೋಟಿಸ್ ಬರುತ್ತದೆ. ಹಾಗಾಗಿ ಅಡವಿಟ್ಟ ಬಂಗಾರದ ಗಡುವಿನ ತಾರೀಖನ್ನು ಮೊದಲ ವಾರದಲ್ಲೇ ಹುಡುಕಿ ಬರೆದಿಡಬೇಕು.

ಜಿಪಿಎ, ಅಂದರೆ ತನ್ನ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರಪತ್ರ (ಜನರಲ್ ಪವರ್ ಆಫ್ ಅಟಾರ್ನಿ), ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ತಹಶೀಲ್ ಕಚೇರಿಯ ಎದುರಿನ ಬರಹಗಾರರಿಂದ ಹಿಡಿದು ಮದುವೆಮನೆಯ ಹಿರಿಯರವರೆಗೆ ಎಲ್ಲರೂ ಕೊಡುವ ಸಲಹೆ ಇದು: "ಒಂದು ಜಿಪಿಎ ಮಾಡಿಸಿಬಿಡ್ರಿ." ಅಧಿಕಾರ ಕೊಡುವವರಿಗೆ ಬರೆಯುವ ಹೊತ್ತಿನಲ್ಲಿ ಅರಿವಿರಬೇಕು. ಇಲ್ಲದಿದ್ದರೆ ಆ ಪತ್ರ ಹುಟ್ಟುವಾಗಲೇ ಸತ್ತದ್ದು. ಚೆನ್ನಾಗಿದ್ದಾಗಲೇ ಬರೆಸಿದ್ದರೂ, 1872ರ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದ ಕೂಡಲೇ ಆ ಅಧಿಕಾರ ಮುಗಿಯುತ್ತದೆ. ಬುದ್ಧಿ ಹೋದಮೇಲೂ ನಡೆಯುವ ಜಿಪಿಎ ಕೆಲವು ದೇಶಗಳಲ್ಲಿದೆ, ನಮ್ಮ ಕಾನೂನಿನಲ್ಲಿ ಇಲ್ಲ. ಯಾವಾಗ ಅದು ಬಹಳ ಬೇಕೋ ಸರಿಯಾಗಿ ಆಗಲೇ ಜಿಪಿಎ ಕೈಕೊಡುತ್ತದೆ. ನಮ್ಮಲ್ಲಿ ಕಿರಿಯ ಮಗನ ಕೈಯಲ್ಲಿ ಐದು ವರ್ಷ ಹಿಂದಿನ ಜಿಪಿಎ ಇತ್ತು. ಅದನ್ನು ತೋರಿಸಿ ಗದ್ದೆಯ ಲೀಜಿನ ಹಣ ಅವನು ಪಡೆಯುತ್ತಿದ್ದ. ಜಗಳದ ಮೂಲ ಅದೇ. ಕಾಯಿಲೆಯ ದಿನಾಂಕ ಇರುವ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಮುಂದಿಟ್ಟಾಗ ಅವನ ವಕೀಲರೇ ಅದನ್ನು ಬಿಟ್ಟುಕೊಟ್ಟರು.

ಇನ್ನು ಯಾವ ಕಾನೂನಿನಲ್ಲಿ ಅರ್ಜಿ ಹಾಕಬೇಕು ಎಂಬುದು. ಜನರ ವರ್ಷಗಳು ವ್ಯರ್ಥವಾಗುವುದು ಇಲ್ಲಿ.

1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಹೆಸರಿನಿಂದ ಸರಿಯೆನಿಸುತ್ತದೆ, ಆದರೆ ಅದು ಅಪ್ರಾಪ್ತ ವಯಸ್ಸಿನ ಮಕ್ಕಳಿಗೆ ಮಾತ್ರ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯ್ದೆಯೂ ಅಷ್ಟೇ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಜಿಲ್ಲಾ ನ್ಯಾಯಾಲಯ ವಿಚಾರಣೆ ನಡೆಸಿ ರೋಗಿಯ ಆಸ್ತಿಗೆ ವ್ಯವಸ್ಥಾಪಕರನ್ನು ನೇಮಿಸುವ ಒಂದು ಅಧ್ಯಾಯವೇ ಇತ್ತು. ಆ ಕಾಯ್ದೆ ಈಗ ಇಲ್ಲ. ಅದರ ಜಾಗಕ್ಕೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ನಾಮನಿರ್ದೇಶಿತ ಪ್ರತಿನಿಧಿ ಇದ್ದಾರೆ, ಆದರೆ ಅವರ ಮಾತು ನಡೆಯುವುದು ಚಿಕಿತ್ಸೆಯ ವಿಷಯದಲ್ಲಿ ಮಾತ್ರ. ಆಸ್ತಿಯ ಅಧ್ಯಾಯವನ್ನು ಹೊಸ ಕಾಯ್ದೆಯಲ್ಲಿ ಬರೆಯಲೇ ಇಲ್ಲ. ಲಕ್ಷಾಂತರ ಕುಟುಂಬಗಳಿಗೆ ಬೇಕಾದ ಒಂದು ಬಾಗಿಲನ್ನು ಮುಚ್ಚಿ, ಬೇರೆ ಬಾಗಿಲು ಇಡದೆ ಹೋದದ್ದು ದೊಡ್ಡ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಹಳೆಯ ಮಾದರಿ ನೋಡಿ ಬರೆದ ಅರ್ಜಿಗಳು ಈಗಲೂ ಕೋರ್ಟಿನಿಂದ ವಾಪಸ್ ಬರುತ್ತವೆ.

1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಒಳ್ಳೆಯದು, ಖರ್ಚೂ ಇಲ್ಲ. ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬರು, ಅಂಗವಿಕಲರೊಬ್ಬರು ಇರುವ ಸ್ಥಳೀಯ ಮಟ್ಟದ ಸಮಿತಿಗೆ ನಮೂನೆ ಎ ಯಲ್ಲಿ ಅರ್ಜಿ ಹಾಕಬೇಕು. ಆದರೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕೆ ಮಾತ್ರ. 18 ದಾಟಿದ ಬುದ್ಧಿಮಾಂದ್ಯ ಮಕ್ಕಳಿರುವ ತಂದೆತಾಯಿ ಇದನ್ನು ತಪ್ಪದೆ ಮಾಡಿಸಿಕೊಳ್ಳಬೇಕು. ಬ್ಯಾಂಕುಗಳು ಆ ಪತ್ರವನ್ನು ಒಪ್ಪುತ್ತವೆ. ಮುಪ್ಪಿನ ಮರೆವಿಗೆ, ಪಾರ್ಶ್ವವಾಯುವಿಗೆ ಅದು ದಕ್ಕುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಕಲಮು ಸೀಮಿತ ಗಾರ್ಡಿಯನ್ ಎಂಬ ವ್ಯವಸ್ಥೆ ಕೊಡುತ್ತದೆ. ಗೊತ್ತಾದ ಅವಧಿಗೆ, ಗೊತ್ತಾದ ತೀರ್ಮಾನಕ್ಕೆ, ಆ ವ್ಯಕ್ತಿಯ ಇಚ್ಛೆಯನ್ನು ಕೇಳಿಕೊಂಡು ಅವರ ಜೊತೆಗೂಡಿ ತೀರ್ಮಾನಿಸುವ ಗಾರ್ಡಿಯನ್. ಅರ್ಧ ಅರಿವಿರುವವರಿಗೆ, ಕೆಲವನ್ನು ತಿಳಿದು ಕೆಲವನ್ನು ಮರೆಯುವವರಿಗೆ ಇದೇ ಮರ್ಯಾದೆಯ ದಾರಿ. ಅವರ ಬಾಯಿಯನ್ನು ಪೂರ್ತಿ ಮುಚ್ಚಿಸುವುದಿಲ್ಲ.

ಪೂರ್ತಿ ಕೋಮಾದಲ್ಲಿರುವವರಿಗೆ ಉಳಿಯುವುದು ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ. ತನ್ನನ್ನು ತಾನು ನೋಡಿಕೊಳ್ಳಲಾಗದವರಿಗೆ ನ್ಯಾಯಾಲಯವೇ ತಂದೆತಾಯಿಯ ಸ್ಥಾನದಲ್ಲಿ ನಿಲ್ಲುವ ಅಧಿಕಾರ ಅದು. ಕೇರಳ ಹೈಕೋರ್ಟ್ 2019ರಲ್ಲಿ ಶೋಭಾ ಗೋಪಾಲಕೃಷ್ಣನ್ ಪ್ರಕರಣದಲ್ಲಿ ಇಂಥ ಅರ್ಜಿ ಹೇಗಿರಬೇಕು, ಏನೇನು ಪರಿಶೀಲಿಸಬೇಕು ಎಂದು ವಿವರವಾದ ಮಾರ್ಗಸೂಚಿ ಕೊಟ್ಟಿತು. ಆಸ್ತಿಯ ಪೂರ್ತಿ ಪಟ್ಟಿ, ನರರೋಗ ತಜ್ಞರಿರುವ ವೈದ್ಯಕೀಯ ಮಂಡಳಿಯ ವರದಿ, ತಹಶೀಲ್ದಾರ್ ದರ್ಜೆಗೆ ಕಡಿಮೆಯಿಲ್ಲದ ಕಂದಾಯ ಅಧಿಕಾರಿ ಮನೆಗೆ ಭೇಟಿ ಕೊಟ್ಟ ವರದಿ, ಎಲ್ಲ ವಾರಸುದಾರರೂ ಪಕ್ಷಕಾರರಾಗಿರುವುದು, ನೇಮಕವಾದ ಮೇಲೆ ಆರು ತಿಂಗಳಿಗೊಮ್ಮೆ ಲೆಕ್ಕ. ನಮ್ಮ ವಕೀಲರು ಅರ್ಜಿಯನ್ನು ಇದೇ ಚೌಕಟ್ಟಿನಲ್ಲಿ ಕಟ್ಟಿದರು. ಕೋರ್ಟ್ ಮುಂದೆ ಏನು ಕೇಳುತ್ತದೋ ಅದನ್ನು ಮೊದಲೇ ಜೋಡಿಸಿಟ್ಟಂತಾಯಿತು. ಕೊಪ್ಪಳ, ಬಳ್ಳಾರಿ ಜಿಲ್ಲೆಯವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ. ಬೆಂಗಳೂರಿಗೆ ಹೋಗಬೇಕಿಲ್ಲ. ವಕೀಲರ ಫೀಸು ಭರಿಸಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಮಹಿಳೆಯರು, ಪರಿಶಿಷ್ಟರು, ಅಂಗವಿಕಲರು ಆದಾಯ ಎಷ್ಟೇ ಇರಲಿ ಉಚಿತ ವಕೀಲರಿಗೆ ಅರ್ಹರು. ಸಹಾಯವಾಣಿ 15100. ಅರ್ಜಿದಾರರು ಹೆಂಡತಿ ಅಥವಾ ತಾಯಿಯಾಗಿದ್ದರೆ ಈ ಅರ್ಹತೆ ತಾನಾಗಿಯೇ ಬರುತ್ತದೆ.

ಅರ್ಜಿಯ ಪ್ರಾಣ ಇರುವುದು ಷೆಡ್ಯೂಲಿನಲ್ಲಿ, ಅಂದರೆ ಆಸ್ತಿಪಟ್ಟಿಯಲ್ಲಿ. ಆದೇಶದಲ್ಲಿ ನಮೂದಾದ ಖಾತೆ, ನಮೂದಾದ ಸರ್ವೆ ನಂಬರಿಗೆ ಮಾತ್ರ ಗಾರ್ಡಿಯನ್ ಅಧಿಕಾರ ತಲುಪುತ್ತದೆ. ಒಂದು ಎಫ್‌ಡಿ ಬಿಟ್ಟುಹೋದರೆ ಅದಕ್ಕಾಗಿ ಮತ್ತೆ ಅರ್ಜಿ. ಬ್ಯಾಂಕಿನ ಹೆಸರು, ಶಾಖೆ, ಪೂರ್ತಿ ಖಾತೆ ನಂಬರು, ಐಎಫ್‌ಎಸ್‌ಸಿ, ಎಫ್‌ಡಿ ರಸೀದಿ ನಂಬರು ಮತ್ತು ಮುಗಿಯುವ ತಾರೀಖು, ಲಾಕರ್, ಎಲ್‌ಐಸಿ ಪಾಲಿಸಿ ನಂಬರು, ಪಿಂಚಣಿ ಆದೇಶದ ನಂಬರು, ಅಂಚೆ ಕಚೇರಿ ಠೇವಣಿ, ಇವನ್ನೆಲ್ಲ ಬರೆಯಬೇಕು. ಜಮೀನಿಗೆ ಸರ್ವೆ ನಂಬರಿನ ಜೊತೆ ಹಿಸ್ಸಾ, ಎಕರೆ ಗುಂಟೆ, ಹೊಸ ಪಹಣಿ, ಮ್ಯುಟೇಶನ್ ಪ್ರತಿ, ಸಬ್‌ರಿಜಿಸ್ಟ್ರಾರ್ ಕಚೇರಿಯ ಇಸಿ (ಋಣಭಾರ ಪ್ರಮಾಣಪತ್ರ). ಮನೆಗೆ ನಗರಸಭೆಯ ಖಾತಾ ಉತಾರ. ಹಳೆಯ ಪಾಸ್‌ಬುಕ್ಕಿನ ಎಂಟ್ರಿಗಳನ್ನು ಒಂದೊಂದಾಗಿ ಓದಿದರೆ ಮರೆತ ಠೇವಣಿಗಳು ಅಲ್ಲೇ ಸಿಗುತ್ತವೆ. ಬಡ್ಡಿ ಜಮೆಯಾದ ಸಾಲಿನ ಹಿಂದೆ ಒಂದು ಎಫ್‌ಡಿ ಇರುತ್ತದೆ, ವರ್ಷಕ್ಕೊಮ್ಮೆ ಕಡಿತವಾದ ಮೊತ್ತದ ಹಿಂದೆ ಒಂದು ಪಾಲಿಸಿ ಇರುತ್ತದೆ.

ಹೆಸರಿನ ವ್ಯತ್ಯಾಸ ನಮ್ಮ ಭಾಗದ ದೊಡ್ಡ ತೊಡಕು. ಪಹಣಿಯಲ್ಲಿ "ಇಂಥವರು ತಂದೆ ಇಂಥವರು" ಎಂದಿರುತ್ತದೆ, ಆಧಾರಿನಲ್ಲಿ ಮನೆತನದ ಹೆಸರು ಸೇರಿರುತ್ತದೆ, ಪಿಂಚಣಿ ಪುಸ್ತಕದಲ್ಲಿ ಬರೀ ಇನಿಷಿಯಲ್. ಈ ಮೂರೂ ಒಬ್ಬರೇ ಎಂದು ಅರ್ಜಿಯಲ್ಲೇ ಒಂದು ಪ್ಯಾರಾ ಬರೆದು, ಆದೇಶದಲ್ಲಿ ಎಲ್ಲ ಹೆಸರುಗಳೂ ಬರುವಂತೆ ಕೇಳಿಕೊಳ್ಳಬೇಕು. ಆದೇಶ ಬಂದ ಮೇಲೆ ಬ್ಯಾಂಕಿನವರು ಈ ತಕರಾರು ತೆಗೆದರೆ ತಿದ್ದುಪಡಿಗೆ ಮತ್ತೆ ಕೋರ್ಟು ಹತ್ತಬೇಕು.

ವಂಶವೃಕ್ಷವನ್ನು ನಾಡಕಚೇರಿಯಿಂದ ಪಡೆಯಬೇಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ಬಿಟ್ಟು ಬರೆಸುವ ಚಾಳಿ ಇನ್ನೂ ಇದೆ. ಗಾರ್ಡಿಯನ್ ಅರ್ಜಿಯಲ್ಲಿ ಹಾಗೆ ಮಾಡಿದರೆ ಅರ್ಜಿ ಅಲ್ಲಿಗೇ ಕುಸಿಯುತ್ತದೆ. ಕಂದಾಯ ಅಧಿಕಾರಿ ಮನೆಗೆ ಬಂದು ಅಕ್ಕಪಕ್ಕದವರನ್ನು ಕೇಳಿದರೆ ಮಗಳಿರುವುದು ತಿಳಿಯುತ್ತದೆ, ವಾರಸುದಾರರನ್ನು ಮುಚ್ಚಿಟ್ಟವರು ಎಂಬ ಕಲೆ ಅರ್ಜಿದಾರರಿಗೆ ಅಂಟುತ್ತದೆ. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಮಗಳು ಮಗನಷ್ಟೇ ಹಕ್ಕುದಾರಳು. ಒಪ್ಪಿಗೆ ಇರುವ ವಾರಸುದಾರರಿಂದ ನೋಟರಿ ಮುಂದೆ ಅಫಿಡವಿಟ್ ಪಡೆಯಬೇಕು. ಒಪ್ಪದವರನ್ನು ಪ್ರತಿವಾದಿ ಮಾಡಬೇಕು. ಒಪ್ಪದವರನ್ನು ಹೊರಗಿಡುವುದಕ್ಕಿಂತ ಒಳಗೆ ತಂದು ಅವರ ತಕರಾರನ್ನು ನ್ಯಾಯಾಧೀಶರ ಎದುರೇ ಹೇಳಿಸುವುದು ಎಷ್ಟೋ ಮೇಲು. ನಮ್ಮ ಅರ್ಜಿಯಲ್ಲಿ ಹಿರಿಯ ಮಗ, ಮಗಳು ಅಫಿಡವಿಟ್ ಕೊಟ್ಟರು, ಕಿರಿಯವನು ಪ್ರತಿವಾದಿ. ಜೊತೆಗೆ ಸರ್ಕಾರ, ಜಿಲ್ಲಾಧಿಕಾರಿ, ತಹಶೀಲ್ದಾರ್, ಬ್ಯಾಂಕುಗಳು. ಬ್ಯಾಂಕ್ ಪ್ರತಿವಾದಿಯಾಗಿದ್ದರೆ ಆದೇಶ ಅದಕ್ಕೆ ನೇರವಾಗಿ ತಾಕುತ್ತದೆ, ನಮಗೆ ಗೊತ್ತಿರಲಿಲ್ಲ ಅನ್ನುವಂತಿಲ್ಲ.

ವೈದ್ಯರ ಪ್ರಮಾಣಪತ್ರದಲ್ಲಿ "ಹಾಸಿಗೆ ಹಿಡಿದಿದ್ದಾರೆ" ಎಂಬ ಒಂದು ಸಾಲಿದ್ದರೆ ಅದರಿಂದ ಏನೂ ಪ್ರಯೋಜನವಿಲ್ಲ. ಕಾಲು ಮುರಿದವರೂ ಹಾಸಿಗೆ ಹಿಡಿದಿರುತ್ತಾರೆ. ರೋಗದ ಹೆಸರು, ಶುರುವಾದ ದಿನ, ಸಿಟಿ ಅಥವಾ ಎಂಆರ್‌ಐ ಏನು ತೋರಿಸುತ್ತದೆ, ಪರೀಕ್ಷೆ ಮಾಡಿದ ತಾರೀಖು, ಗ್ಲಾಸ್ಗೋ ಕೋಮಾ ಸ್ಕೇಲಿನ ಅಂಕ ಎಷ್ಟು (ಅದು 3ರಿಂದ 15ರವರೆಗೆ ಇರುತ್ತದೆ, 15 ಎಂದರೆ ಪೂರ್ತಿ ಎಚ್ಚರ), ಮಾತು ತಿಳಿಯುತ್ತದೆಯೇ, ಸನ್ನೆಗೆ ಸ್ಪಂದಿಸುತ್ತಾರೆಯೇ, ಹಣಕಾಸಿನ ತೀರ್ಮಾನ ತೆಗೆದುಕೊಳ್ಳಬಲ್ಲರೇ, ಸುಧಾರಿಸುವ ಸಾಧ್ಯತೆ ಇದೆಯೇ, ವೈದ್ಯರ ನೋಂದಣಿ ನಂಬರು. ಇಷ್ಟನ್ನೂ ಬರೆಸಿಕೊಳ್ಳಬೇಕು. ಮರೆವಿನ ರೋಗಿಗಾದರೆ ನೆನಪು, ತಿಳುವಳಿಕೆ ಅಳೆಯುವ 30 ಅಂಕದ ಎಂಎಂಎಸ್‌ಇ ಪರೀಕ್ಷೆಯ ಫಲಿತಾಂಶವೂ ಬೇಕು. ಈ ಪತ್ರ ಅರ್ಜಿಯ ಜೊತೆ ಸಲ್ಲಿಸುವುದಕ್ಕೆ. ತೀರ್ಮಾನಕ್ಕೆ ಕೋರ್ಟ್ ನಂಬುವುದು ತಾನೇ ಆದೇಶಿಸಿದ ಮಂಡಳಿಯ ವರದಿಯನ್ನು.

ಮಂಡಳಿಯ ಮುಂದೆ ರೋಗಿಯನ್ನು ಒಯ್ಯುವುದು ದೊಡ್ಡ ಕೆಲಸ. ಮೂಗಿನ ನಳಿಗೆ, ಗಂಟಲಿನ ತೂತು, ಬೆನ್ನಿನ ಹುಣ್ಣು ಇರುವವರನ್ನು ಆಂಬುಲೆನ್ಸಿನಲ್ಲಿ ಅಲುಗಾಡಿಸಿದರೆ ಅಪಾಯ. ಮನೆಯಲ್ಲೇ ಪರೀಕ್ಷಿಸಬೇಕೆಂಬ ಕೋರಿಕೆಯನ್ನು ಅರ್ಜಿಯಲ್ಲೇ ಸೇರಿಸಿ, ಯಾಕೆಂಬುದಕ್ಕೆ ವೈದ್ಯರ ಚೀಟಿ ಲಗತ್ತಿಸಬೇಕು. ನರರೋಗ ತಜ್ಞರು ಜಿಲ್ಲಾ ಕೇಂದ್ರದಲ್ಲಿ ಸಿಗದಿದ್ದರೆ ಬಳ್ಳಾರಿ ಅಥವಾ ಹುಬ್ಬಳ್ಳಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಿಂದ ಒಬ್ಬರನ್ನು ಸೇರಿಸಲು ಕೇಳಬಹುದು. ಇದನ್ನು ಮೊದಲೇ ಬರೆಯದಿದ್ದರೆ ತಜ್ಞರಿಲ್ಲದ ಮಂಡಳಿ ವರದಿ ಕೊಡುತ್ತದೆ, ಎದುರುಪಕ್ಷ ಅದನ್ನೇ ಹಿಡಿದು ಪ್ರಶ್ನೆ ಮಾಡುತ್ತದೆ, ಇನ್ನೊಂದು ವರದಿಗೆ ಆದೇಶವಾಗುತ್ತದೆ. ಹಳೆಯ ಫಿಲ್ಮು, ಆಪರೇಶನ್ ಟಿಪ್ಪಣಿ, ಔಷಧಿ ಚೀಟಿಗಳನ್ನು ತಾರೀಖಿನ ಕ್ರಮದಲ್ಲಿ ಒಂದೇ ಫೈಲಿನಲ್ಲಿ ಇಟ್ಟಿರಬೇಕು. ಅಂದು ರೋಗಿಗೆ ನಿದ್ದೆ ತರಿಸುವ ಔಷಧಿ ಕೊಟ್ಟಿದ್ದರೆ ಅದನ್ನು ಮಂಡಳಿಗೆ ಹೇಳಬೇಕು. ಇಲ್ಲದಿದ್ದರೆ ಅಂಕವೇ ಕಡಿಮೆ ಬರುತ್ತದೆ, ವರದಿ ಸುಳ್ಳಾಗುತ್ತದೆ.

ತಹಶೀಲ್ದಾರರ ಭೇಟಿಗೆ ಮುಂಚೆ ಕಂದಾಯ ನಿರೀಕ್ಷಕರು, ತಲಾಟಿಯವರು ಬರುತ್ತಾರೆ. ಯಾರು ಊಟ ಹಾಕುತ್ತಾರೆ, ಹಾಸಿಗೆ ಯಾರು ಬದಲಾಯಿಸುತ್ತಾರೆ, ಔಷಧಿ ಎಲ್ಲಿಂದ ಬರುತ್ತದೆ, ಹಣ ಯಾರು ಕೊಡುತ್ತಾರೆ, ಅರ್ಜಿದಾರರಿಗೆ ಸ್ವಂತ ಸಾಲ ಎಷ್ಟಿದೆ ಎಂದೆಲ್ಲ ಕೇಳುತ್ತಾರೆ. ಪಂಚರ ಸಹಿ ಹಾಕಿಸಿ ಪಂಚನಾಮೆ ಮಾಡುತ್ತಾರೆ. ಪಂಚರು ಅರ್ಜಿದಾರರ ಕಡೆಯವರೇ ಆಗಿದ್ದರೆ ವರದಿಗೆ ತೂಕವಿಲ್ಲ. ಓಣಿಯ ನೆರೆಯವರು, ಮನೆಗೆ ಬರುವ ನರ್ಸ್ ಇದ್ದರೆ ಒಳ್ಳೆಯದು. ನಮ್ಮಲ್ಲಿ ನಿರೀಕ್ಷಕರು ದೊಡ್ಡವ್ವನನ್ನು ಕೂರಿಸಿ, "ಅಮ್ಮಾರೆ, ಯಾರ ಮುಲಾಜೂ ಬ್ಯಾಡ, ನಿಮ್ಮ ಕೈಯಾಗ ಲೆಕ್ಕ ಇಡಾಕ ಆಗ್ತದೇನು?" ಎಂದು ಕೇಳಿದರು. ಆಗುವುದಿಲ್ಲ, ಹಿರಿಯ ಮಗ ಬರೆಯುತ್ತಾನೆ, ನಾನು ನೋಡುತ್ತೇನೆ ಎಂದರು ದೊಡ್ಡವ್ವ. ಆ ಮಾತು ಹಾಗೇ ವರದಿಗೆ ಹೋಯಿತು. ಹೆಂಡತಿ ಮತ್ತು ಹಿರಿಯ ಮಗ ಇಬ್ಬರೂ ಜಂಟಿ ಗಾರ್ಡಿಯನ್ ಆಗುವುದಕ್ಕೆ ಅದೇ ಆಧಾರವಾಯಿತು.

ಗದ್ದೆಯ ಲೀಜು ಈ ಭಾಗದ ಎಲ್ಲ ಪ್ರಕರಣಗಳಲ್ಲೂ ಸಿಕ್ಕು ಹಾಕುತ್ತದೆ. ಕರ್ನಾಟಕ ಭೂ ಸುಧಾರಣಾ ಕಾಯ್ದೆಯ ಪ್ರಕಾರ ಕೃಷಿ ಜಮೀನನ್ನು ಗೇಣಿಗೆ ಕೊಡುವುದು, ಸೈನಿಕರಂಥ ಕೆಲವರನ್ನು ಬಿಟ್ಟರೆ, ನಿಷಿದ್ಧ. ಆದರೂ ನಾಲೆಯ ಕೆಳಗೆ ಎಕರೆಗಿಷ್ಟು ಚೀಲ ಭತ್ತ ಎಂದು ಬಾಯಿಮಾತಿನ ಮೇಲೆ ನಡೆಯುತ್ತಲೇ ಇದೆ. ಕಾಗದ ಇರುವುದಿಲ್ಲ. ಮಾಲೀಕರ ಮಾತು ನಿಂತ ದಿನ ಆ ಒಪ್ಪಂದಕ್ಕೆ ಸಾಕ್ಷಿಯೂ ನಿಲ್ಲುತ್ತದೆ. ಹೊಲ ಮಾಡುವವನು ಒಬ್ಬ ಮಗನಿಗೆ ಕೊಟ್ಟೆ ಎನ್ನುತ್ತಾನೆ, ಇನ್ನೊಬ್ಬ ಮಗ ಅಷ್ಟು ಚೀಲ ಅಲ್ಲ, ಹೆಚ್ಚು ಎನ್ನುತ್ತಾನೆ. ಮುಂಗಾರು, ಬೇಸಿಗೆ ಎರಡು ಬೆಳೆಗೆ ಎರಡು ಜಗಳ. ಇದನ್ನು ಬಿಡಿಸುವುದಕ್ಕೆ ನೆರವಾದದ್ದು ಎಪಿಎಂಸಿಯ ದಲಾಲಿ ಅಂಗಡಿಯ ಪಟ್ಟಿಗಳು, ರೈಸ್‌ಮಿಲ್ಲಿನ ತೂಕದ ಚೀಟಿಗಳು. ಅವುಗಳ ಮೇಲೆ ತಾರೀಖು, ಚೀಲ, ದರ ಎಲ್ಲ ಇರುತ್ತದೆ. ಆದಾಯವನ್ನು ಅರ್ಜಿಯಲ್ಲಿ ಮುಚ್ಚಿಡಬಾರದು. ಮುಚ್ಚಿಟ್ಟರೆ ಎದುರುಪಕ್ಷ ತೆಗೆದಿಡುತ್ತದೆ. ಎಷ್ಟು ಬಂತು, ಯಾರ ಕೈಗೆ ಬಂತು ಎಂದು ಬರೆದು, ಇನ್ನು ಮುಂದೆ ಎಲ್ಲವೂ ರೋಗಿಯ ಖಾತೆಗೇ ಜಮೆಯಾಗಲಿ ಎಂದು ಕೇಳುವುದು ಸರಿಯಾದ ಕ್ರಮ. ಲೀಜಿನ ಬದಲು ಕೂಲಿಯ ಮೇಲೆ ಸ್ವಂತ ಸಾಗುವಳಿ ಮಾಡಿಸುವುದಾದರೆ ಬೀಜ, ಗೊಬ್ಬರ, ನಾಟಿ, ಕೊಯ್ಲಿನ ಯಂತ್ರದ ಬಾಡಿಗೆ, ಇವುಗಳ ರಸೀದಿ ಇಡಬೇಕು.

ಜಮೀನಿನ ಮೇಲೆ ಕಣ್ಣಿರುವ ಮನೆಯಲ್ಲಿ ಇನ್ನೊಂದು ಅಪಾಯ. ಕಾಯಿಲೆಯವರ ಮನೆಗೆ ಸಬ್‌ರಿಜಿಸ್ಟ್ರಾರ್ ಬಂದು ನೋಂದಣಿ ಮಾಡಲು 1908ರ ನೋಂದಣಿ ಕಾಯ್ದೆಯ 31ನೇ ಕಲಮಿನಲ್ಲಿ ಅವಕಾಶವಿದೆ. ಒಳ್ಳೆಯ ಉದ್ದೇಶದ ನಿಯಮ. ಅದನ್ನೇ ಬಳಸಿ ಅರಿವಿಲ್ಲದವರಿಂದ ದಾನಪತ್ರ ಬರೆಸಿಕೊಂಡವರಿದ್ದಾರೆ. ಬರೆದುಕೊಡುವವರ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ಕಂಡರೆ ನೋಂದಣಿ ನಿರಾಕರಿಸಬೇಕೆಂದು 35ನೇ ಕಲಮು ಹೇಳುತ್ತದೆ. ಅನುಮಾನ ಇರುವವರು ವೈದ್ಯಕೀಯ ದಾಖಲೆ ಲಗತ್ತಿಸಿ ಆ ಕಚೇರಿಗೆ ಲಿಖಿತ ತಕರಾರು ಕೊಟ್ಟಿರಬೇಕು. ಅದರಿಂದಲೇ ನೋಂದಣಿ ನಿಲ್ಲುತ್ತದೆ ಎಂದಲ್ಲ, ನಿಲ್ಲಿಸಲು ಕೋರ್ಟಿನ ತಡೆಯಾಜ್ಞೆಯೇ ಬೇಕು. ಆದರೆ ಮುಂದೆ ಗೊತ್ತಿಲ್ಲದೆ ಮಾಡಿದೆವು ಎಂದು ಯಾರೂ ಹೇಳದಂತೆ ಆಗುತ್ತದೆ. ತಡೆಯಾಜ್ಞೆ ಸಿಕ್ಕಮೇಲೆ ಅದನ್ನು ಪಹಣಿಯ 11ನೇ ಕಾಲಂನಲ್ಲಿ ನಮೂದು ಮಾಡಿಸಬೇಕು. ಕೊಳ್ಳುವವರು ನೋಡುವುದು ಆ ಕಾಲಂ. ಪತ್ರ ಆಗಿಯೇ ಹೋಗಿದ್ದರೆ ರದ್ದತಿಗೆ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಬೇಕು. ಅರಿವಿಲ್ಲದವರ ಪರವಾಗಿ ಹಿತೈಷಿಯೊಬ್ಬರು ದಾವೆ ಹಾಕಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದ 15ನೇ ನಿಯಮ ದಾರಿ ಕೊಡುತ್ತದೆ. ಆ ದಾವೆಯಲ್ಲಿ ರಾಜಿ ಮಾಡಿಕೊಳ್ಳುವುದಾದರೆ ಕೋರ್ಟಿನ ಅನುಮತಿ ಬೇಕೇ ಬೇಕು. ಊರ ಹಿರಿಯರ ಮುಂದೆ ಹರಿದ ನ್ಯಾಯಕ್ಕೆ ಅಲ್ಲಿ ಬೆಲೆಯಿಲ್ಲ.

ತಂದೆತಾಯಿಯನ್ನು ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟ ಮಕ್ಕಳ ವಿರುದ್ಧ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯ ಮುಂದೆ ಹೋಗಬಹುದು. ಆದರೆ ಆ ನ್ಯಾಯಮಂಡಳಿ ಗಾರ್ಡಿಯನ್ ನೇಮಿಸುವುದಿಲ್ಲ. ಎರಡನ್ನೂ ಬೆರೆಸಿ ಒಂದೇ ಅರ್ಜಿ ಬರೆಯಬಾರದು.

ವಿಚಾರಣೆಯ ದಿನಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಪ್ರತಿ ಸಲ ಧಾರವಾಡಕ್ಕೆ ಹೋಗಬೇಕಿಲ್ಲ, ವಕೀಲರು ಹಾಜರಾಗುತ್ತಾರೆ, ದಿನಾಂಕವನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ನೋಡಬಹುದು. ತಡವಾಗುವುದು ವರದಿಗಳಿಗೆ. ಆದೇಶದ ಪ್ರತಿಯನ್ನು ಆಸ್ಪತ್ರೆಗೂ ತಾಲೂಕು ಕಚೇರಿಗೂ ನಾವೇ ಕೈಯಾರೆ ತಲುಪಿಸಿ ಸ್ವೀಕೃತಿ ಪಡೆದರೆ ಕೆಲಸ ಬೇಗ ಸಾಗುತ್ತದೆ. ಇಲ್ಲದಿದ್ದರೆ ಅದು ಟಪ್ಪಾಲಿನಲ್ಲೇ ಕೂತಿರುತ್ತದೆ. ನಡುವೆ ಔಷಧಿಯ ಖರ್ಚಿಗೆ ತಿಂಗಳಿಗಿಷ್ಟು ಹಣ ಬಿಡುಗಡೆ ಮಾಡಲು ಮಧ್ಯಂತರ ಕೋರಿಕೆ ಸಲ್ಲಿಸಬಹುದು. ಅದಕ್ಕೆ ಖರ್ಚಿನ ಪಟ್ಟಿ ನಿಜವಾಗಿರಬೇಕು: ಹೋಂ ನರ್ಸ್, ಫಿಸಿಯೋ, ಕ್ಯಾಥೆಟರ್ ಮತ್ತು ನಳಿಗೆ ಬದಲಾವಣೆ, ಡಯಾಪರ್, ಗಾಳಿ ಹಾಸಿಗೆ, ಪೌಷ್ಟಿಕ ಪುಡಿ, ಔಷಧಿ. ದುಂಡು ಮೊತ್ತ ಬರೆದರೆ ನ್ಯಾಯಾಧೀಶರಿಗೆ ಅನುಮಾನ ಬರುತ್ತದೆ.

ಕಿರಿಯವನ ತಕರಾರು ಕರಗಿದ್ದು ಹೇಗೆಂದರೆ, ಅವನು ಕೇಳಿದ್ದು ಪಾಲಲ್ಲ, ಲೆಕ್ಕ. ಆರು ತಿಂಗಳ ವರದಿಯ ಪ್ರತಿ ತನಗೂ ಬರಬೇಕು, ಜಮೀನು ಮಾರುವುದಾದರೆ ಕೋರ್ಟಿನ ಪ್ರತ್ಯೇಕ ಅನುಮತಿ ಬೇಕು. ಈ ಎರಡು ಷರತ್ತು ಆದೇಶದಲ್ಲಿ ಬಂದವು, ಅವನು ವಿರೋಧ ಬಿಟ್ಟ. ಒಡಹುಟ್ಟಿದವರ ಹೆಚ್ಚಿನ ಜಗಳಗಳ ಕೆಳಗೆ ಇರುವುದು ಇಷ್ಟೇ ಎಂದು ಈ ಕಾಗದಗಳ ನಡುವೆ ಕೂತ ನನಗೆ ಖಚಿತವಾಗಿದೆ.

ಆದೇಶ ಬಂದ ಮೇಲೆ ದೃಢೀಕೃತ ನಕಲುಗಳನ್ನು ಖಾತೆಗೊಂದರಂತೆ ತೆಗೆಸಬೇಕು. ಜೆರಾಕ್ಸ್ ಒಪ್ಪುವುದಿಲ್ಲ. ಶಾಖೆಯವರು ಅದನ್ನು ತಮ್ಮ ಕಾನೂನು ವಿಭಾಗಕ್ಕೆ ಕಳಿಸುತ್ತಾರೆ. ಗಾರ್ಡಿಯನ್‌ಗಳ ಆಧಾರ್, ಪ್ಯಾನ್, ಫೋಟೊ, ಮಾದರಿ ಸಹಿ ತೆಗೆದುಕೊಂಡು, ಖಾತೆಯ ಹೆಸರಿನ ಮುಂದೆ ಗಾರ್ಡಿಯನ್ ಹೆಸರು ಸೇರಿಸುತ್ತಾರೆ. ಹಳೆಯ ಎಟಿಎಂ ಕಾರ್ಡು, ಯುಪಿಐ ಎರಡನ್ನೂ ಅಂದೇ ಬಂದ್ ಮಾಡಿಸಬೇಕು. ಪಿಂಚಣಿಗೆ ಪ್ರತಿ ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡಬೇಕು. ಮುಷ್ಟಿ ಬಿಗಿದ ಕೈಯ ಬೆರಳಚ್ಚು ಯಂತ್ರಕ್ಕೆ ಹತ್ತುವುದಿಲ್ಲ. ಜೋರು ಮಾಡಿ ಬಿಡಿಸಲು ಹೋಗಬಾರದು, ಗಂಟು ಹಿಡಿದ ಬೆರಳಿಗೆ ಗಾಯವಾಗುತ್ತದೆ. ಮ್ಯಾನೇಜರಿಗೆ ಬರೆದು ಕೊಟ್ಟು ಮನೆಗೇ ಬಂದು ನೋಡಿ ದೃಢೀಕರಿಸುವಂತೆ ಕೇಳಬೇಕು.

ಲೆಕ್ಕದ ಪುಸ್ತಕದಲ್ಲಿ ತಾರೀಖು, ಯಾರಿಂದ ಬಂತು ಅಥವಾ ಯಾರಿಗೆ ಹೋಯಿತು, ಯಾಕೆ, ಎಷ್ಟು, ನಗದೋ ಖಾತೆಯೋ, ರಸೀದಿ ನಂಬರು, ಉಳಿದದ್ದು, ಇಷ್ಟು ಕಾಲಂ ಸಾಕು. ಪ್ರತಿ ರಸೀದಿಗೂ ನಂಬರು ಹಾಕಿ ಅದೇ ಕ್ರಮದಲ್ಲಿ ಅಂಟಿಸಬೇಕು. ಮೆಡಿಕಲ್ ಅಂಗಡಿಯ ಬಿಲ್ಲುಗಳ ಮಸಿ ಕೆಲವೇ ತಿಂಗಳಲ್ಲಿ ಅಳಿಸಿಹೋಗುತ್ತದೆ, ತಂದ ದಿನವೇ ಫೋಟೊ ತೆಗೆದಿಡಬೇಕು. ಹೋಂ ನರ್ಸ್‌ಗೆ ಸಂಬಳವನ್ನು ಖಾತೆಗೇ ಹಾಕಬೇಕು. ಸ್ವಂತ ದುಡ್ಡನ್ನು ರೋಗಿಗೆ ಖರ್ಚು ಮಾಡಿದರೆ ಅದನ್ನೂ ಬರೆಯಬೇಕು, ಆದರೆ ರೋಗಿಯ ದುಡ್ಡಿನಿಂದ ಸ್ವಂತ ಖಾತೆಗೆ ವಾಪಸ್ ತೆಗೆದುಕೊಳ್ಳುವಾಗ ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ತೆಗೆಯಬಾರದು. ಮನೆಯಲ್ಲಿ ಮದುವೆ ಬಂತು, ಮೊಮ್ಮಗನ ಫೀಸು ಬಂತು ಎಂದು ಆ ಖಾತೆಗೆ ಕೈ ಹಾಕಿದರೆ ಗಾರ್ಡಿಯನ್ ಪದವಿ ಹೋಗುತ್ತದೆ, ಹಣವನ್ನೂ ತುಂಬಬೇಕಾಗುತ್ತದೆ. ವರದಿ ಕೊಡುವ ತಾರೀಖನ್ನು ಆದೇಶದ ತಾರೀಖಿನಿಂದ ಎಣಿಸಬೇಕು, ಕ್ಯಾಲೆಂಡರ್ ವರ್ಷದಿಂದಲ್ಲ.

ರೋಗಿಗೆ ಅರಿವು ಮರಳಿದರೆ ಅದನ್ನು ಕೋರ್ಟಿಗೆ ತಿಳಿಸಿ ಅಧಿಕಾರ ಬಿಟ್ಟುಕೊಡಬೇಕು. ತೀರಿಕೊಂಡರೆ ಆ ಗಳಿಗೆಗೇ ಗಾರ್ಡಿಯನ್ ಅಧಿಕಾರ ಮುಗಿಯಿತು. ಮಣ್ಣಿನ ಖರ್ಚಿಗೆಂದು ಕೂಡ ಆ ಖಾತೆಯಿಂದ ಹಣ ತೆಗೆಯುವಂತಿಲ್ಲ. ಬ್ಯಾಂಕಿಗೆ, ಖಜಾನೆಗೆ ಮರಣ ಪತ್ರ ಕೊಡಬೇಕು. ತಡವಾದರೆ ಹೆಚ್ಚಿಗೆ ಬಿದ್ದ ಪಿಂಚಣಿಯನ್ನು ವಾಪಸ್ ಕಟ್ಟಬೇಕಾಗುತ್ತದೆ. ಹೈಕೋರ್ಟಿಗೆ ಕೊನೆಯ ಲೆಕ್ಕ ಸಲ್ಲಿಸಬೇಕು. ನಾಮಿನಿಯ ಕೆಲಸ ಶುರುವಾಗುವುದು ಆಗ, ನಾಮಿನಿ ಇಲ್ಲದ ಠೇವಣಿಯ ಮೊತ್ತ ದೊಡ್ಡದಿದ್ದರೆ ಅಥವಾ ತಕರಾರಿದ್ದರೆ ವಾರಸುದಾರರು ಸಿವಿಲ್ ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರ ತರಬೇಕಾಗಬಹುದು. ಹೆಂಡತಿಯ ಕುಟುಂಬ ಪಿಂಚಣಿಯ ಅರ್ಜಿಯೂ ಅದೇ ವಾರದಲ್ಲಿ ಹೋಗಬೇಕು, ಮತ್ತು ಅದು ಬೀಳುವ ಖಾತೆಯನ್ನು ಈ ಸಲ ಜಂಟಿಯಾಗಿಯೇ ತೆರೆಯಬಹುದೇ ಎಂದು ಬ್ಯಾಂಕಿನಲ್ಲಿ ಕೇಳಿಕೊಳ್ಳಬೇಕು.